ಗಿಡ ಹಚ್ಚುವುದು ನಮ್ಮ ಕೆಲಸ, ಡ್ಯಾಮಿನ ಗೇಟು ಯಾರ ಕೆಲಸ?

(ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ನಡೆದ ಮಾತು)

ಬೆಳಗಾವಿ ತಮ್ಮ: (ವಿಡಿಯೊ) ಎಲ್ಲರೂ ಪೂರ್ತಿ ನೋಡಿ. ಹವಾಮಾನ ಕೆಡದ ಹಾಗೆ ಕಾಯುವುದು ಸರ್ಕಾರಗಳ ಕಾನೂನಿನ ಹೊಣೆ ಅಂತ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಹೇಳಿದೆ.

ಮುಧೋಳ ಕಾಕಾ: ನೋಡಿದೆ. ಎಲ್ಲದಕ್ಕೂ ಸರ್ಕಾರ ಸರ್ಕಾರ ಅಂದರೆ ಹೇಗಪ್ಪಾ? ಕಬ್ಬಿನ ರವದಿಗೆ, ಅಂದರೆ ಒಣ ಎಲೆಗೆ, ಬೆಂಕಿ ಹಚ್ಚುವವರು ನಾವು. ಹೊಳೆಗೆ ಪ್ಲಾಸ್ಟಿಕ್ ಒಗೆಯುವವರು ನಾವು. ಮೊದಲು ಮನೆಗೊಂದು ಗಿಡ ಹಚ್ಚಿ, ಆಮೇಲೆ ಕೋರ್ಟಿನ ಮಾತು. ಹೊಗೆ ಬಿಟ್ಟವರು ಅಮೆರಿಕಾ, ಚೀನಾದವರು. ಅವರನ್ನು ಕೇಳಲಿ.

ವಿಜಯಪುರ ಅತ್ತಿ: ಖರೆ ಮಾತು 👍

ನಾನು: ಕಾಕಾ, ಸಿಟ್ಟಾಗಬೇಡಿ, ಆದರೆ ಇದನ್ನು ಸುಮ್ನೆ ಬಿಡಲು ನನಗೆ ಆಗುವುದಿಲ್ಲ. 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರು, ಘಟಪ್ರಭಾ ಉಕ್ಕಿತು, ಗೋಕಾಕ ಮುಳುಗಿತು, ನಿಮ್ಮ ಮುಧೋಳದ ಹೊಳೆಸಾಲಿನ ಊರುಗಳೂ ಮುಳುಗಿದವು. ಆ ಕಡೆ ನವಿಲುತೀರ್ಥ ಡ್ಯಾಮಿನಿಂದ ಬಿಟ್ಟ ನೀರಿಗೆ ಮಲಪ್ರಭಾ ತುಂಬಿ ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತವು. ನಮ್ಮ ಹಿತ್ತಲಲ್ಲಿ ಬೇವು, ತೆಂಗು, ಮಾವು ಎಲ್ಲ ಇದ್ದವು ಅಲ್ವಾ? ಗಿಡ ಹಚ್ಚಿದವರ ಮನೆ, ಹಚ್ಚದವರ ಮನೆ ಅಂತ ನೀರು ನೋಡಲಿಲ್ಲ. ಮಳೆ ಜೋರಾಗುವ ಮೊದಲು ಡ್ಯಾಮಿನಲ್ಲಿ ಎಷ್ಟು ಜಾಗ ಖಾಲಿ ಇಡಬೇಕು, ಗೇಟು ಎತ್ತುವ ಎಷ್ಟು ತಾಸು ಮೊದಲು ಊರಲ್ಲಿ ಡಂಗುರ ಸಾರಬೇಕು, ಕೃಷ್ಣೆಗೆ ನೀರು ಬಿಡುವ ಕೊಯ್ನಾ ಡ್ಯಾಮಿನವರ ಜೊತೆ ಯಾರು ಮಾತಾಡಬೇಕು, ಇದನ್ನೆಲ್ಲ ನೀವೂ ನಾನೂ ತೀರ್ಮಾನಿಸಲು ಬರುವುದಿಲ್ಲ. ಕೊಯ್ನಾ ಇರುವುದು ಮಹಾರಾಷ್ಟ್ರದಲ್ಲಿ. ನಿಮ್ಮ ಫೋನಿಗೆ ಅಲ್ಲಿ ಯಾರು ಉತ್ತರ ಕೊಡುತ್ತಾರೆ?

ಮುಧೋಳ ಕಾಕಾ: ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಕೊಟ್ಟರಲ್ಲ ಸರ್ಕಾರದವರು.

ನಾನು: ಕೊಟ್ಟರು, ಬೇಡ ಅನ್ನುವುದಿಲ್ಲ. ಬಿದ್ದ ಮೇಲೆ ಕೊಡುವುದು ಬೇರೆ, ಬೀಳದ ಹಾಗೆ ನೋಡುವುದು ಬೇರೆ. ಇನ್ನು ರವದಿ. ರವದಿ ಸುಡುವುದು ತಪ್ಪೇ, ಭೂಮಿಗೂ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ನೀರು ಬಿಡುವ ಅವಸರ, ಆಳು ಸಿಗುವುದಿಲ್ಲ, ರವದಿ ಪುಡಿ ಮಾಡುವ ಮಷಿನ್ ಎಲ್ಲರ ಕೈಗೆ ಎಟುಕುವುದಿಲ್ಲ ಅಂತ ನೀವೇ ಹೇಳಿದ್ದೀರಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ರೈತ ಮೋಟರ್ ಚಾಲೂ ಇಟ್ಟು ಮಲಗುತ್ತಾನೆ, ಬೆಳಗ್ಗೆವರೆಗೂ ನೀರು ಹರಿಯುತ್ತಲೇ ಇರುತ್ತದೆ. ಅವನು ದುರಾಸೆಯವನಾ? ಕರೆಂಟ್ ಯಾವಾಗ ಕೊಡಬೇಕು ಅಂತ ನಿರ್ಧರಿಸುವವನು ಅವನಲ್ಲ. ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸುವ ಗುರಿ ಇಟ್ಟವರು ಯಾರು? ಕಬ್ಬಿಗೆ ದರ ನಿಗದಿ ಮಾಡುವವರು ಯಾರು? ಕಬ್ಬು ಹಚ್ಚಿ ಅಂತ ಒಂದು ಕಡೆ ಹುರಿದುಂಬಿಸಿ, ನೀರು ಉಳಿಸಿ ಅಂತ ಇನ್ನೊಂದು ಕಡೆ ಗೋಡೆ ಮೇಲೆ ಬರೆಸಿದರೆ ರೈತ ಯಾವುದನ್ನು ಕೇಳಬೇಕು?

ಮುಧೋಳ ಕಾಕಾ: ಅದಿರಲಿ, ಆ ಕೋರ್ಟ್ ಕೊಟ್ಟಿದ್ದು ಬರೀ ಸಲಹೆ. ಆದೇಶ ಅಲ್ಲ. ಓದಿ ಹೇಳು.

ನಾನು: ಓದಿಯೇ ಹೇಳುತ್ತಿದ್ದೇನೆ ಕಾಕಾ. ಸಲಹೆಯೇ, ನಿಜ. ನೀವು ಹೇಳಿದ ಅಮೆರಿಕಾದ ಮಾತು ಅದರಲ್ಲೂ ಇದೆ. ಹೊಣೆ ಮುರಿದ ದೇಶ, ನಷ್ಟ ಆದ ದೇಶಕ್ಕೆ ಪರಿಹಾರ ಕೊಡಬೇಕಾಗಬಹುದು ಅಂತ. ವನುವಾಟು ಅನ್ನುವ ಸಣ್ಣ ದ್ವೀಪ ದೇಶ ಇದನ್ನು ವಿಶ್ವಸಂಸ್ಥೆವರೆಗೆ ಒಯ್ದಿತು, ಅದರ ಹಿಂದೆ ಇದ್ದವರು ಕಾನೂನು ಓದುವ ಹುಡುಗ ಹುಡುಗಿಯರು. ಶ್ರೀಮಂತ ದೇಶಗಳೇ ಜಾಸ್ತಿ ಹೊಣೆ ಹೊರಬೇಕು ಅಂತ ನಮ್ಮ ಭಾರತವೂ 2024ರ ಡಿಸೆಂಬರಿನಲ್ಲಿ ಅಲ್ಲಿ ವಾದ ಮಾಡಿತು. ಸರಿಯಾದ ವಾದ. ಹೇಗ್‌ನಲ್ಲಿ ಹೊಣೆಯ ಮಾತಾಡಿದ ಮೇಲೆ ನಮ್ಮ ಜಿಲ್ಲೆಯಲ್ಲೂ ಆ ಮಾತು ನಡೆಯಬೇಕು ಅಲ್ವಾ? ಹೇಗ್ ಬಿಡಿ, ನಮ್ಮ ಸಂವಿಧಾನವನ್ನೇ ನೋಡಿ. ಪರಿಸರ ಕಾಪಾಡುವುದು ಸರ್ಕಾರದ ಕೆಲಸ ಅನ್ನುವ 48ಎ ವಿಧಿ 1976ರಲ್ಲೇ ಸೇರಿದೆ. ನೀವು ಹೇಳುವ ನಾಗರಿಕರ ಕರ್ತವ್ಯವೂ ಅದೇ ತಿದ್ದುಪಡಿಯಲ್ಲಿ ಬಂತು. ಎರಡೂ ಒಟ್ಟಿಗೆ ಬಂದವು, ಒಂದರ ಬದಲು ಇನ್ನೊಂದು ಅಂತ ಅಲ್ಲ. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ನಮ್ಮ ಹಕ್ಕು ಅಂತ 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ವಿಜಯಪುರ ಅತ್ತಿ: ನಮ್ಮ ಕಡೆ ಹೊಳೆಯ ಮಾತು ಬಿಡ್ರಿ, 2023ರಲ್ಲಿ ಮಳೆಯೇ ಇರಲಿಲ್ಲ. ಟ್ಯಾಂಕರ್ ಕಾಯುವುದೇ ಕೆಲಸ ಆಗಿತ್ತು.

ನಾನು: ಅತ್ತಿ, ಆ ವರ್ಷ ರಾಜ್ಯದ 223 ತಾಲ್ಲೂಕುಗಳಲ್ಲಿ ಬರ ಅಂತ ಘೋಷಣೆ ಆಯಿತು. ರಾಜ್ಯ 18,171 ಕೋಟಿ ಕೇಳಿತು, ಕೊಡಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ಕೇಂದ್ರ ಸುಮಾರು 3,454 ಕೋಟಿ ಕೊಟ್ಟಿತು. ನೋಡಿ, ರಾಜ್ಯ ಸರ್ಕಾರವೇ ಕೇಂದ್ರಕ್ಕೆ "ಇದು ನಿನ್ನ ಹೊಣೆ" ಅಂತ ಕೋರ್ಟಲ್ಲಿ ಹೇಳುತ್ತದೆ. ಅದೇ ಮಾತನ್ನು ನಾವು ರಾಜ್ಯಕ್ಕೆ ಹೇಳಿದರೆ ಮಾತ್ರ "ಮೊದಲು ಗಿಡ ಹಚ್ಚಿ" ಅನ್ನುವುದು ಯಾವ ನ್ಯಾಯ? ನಿಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇದೆ, ಅದಕ್ಕೆ ನೀರು ಆಲಮಟ್ಟಿಯದು. ಅದನ್ನು ಎಷ್ಟು ವರ್ಷ ನಡೆಸಬೇಕು, ಬೂದಿ ಎಲ್ಲಿ ಹಾಕಬೇಕು ಅನ್ನುವುದು ಮನೆಯ ಬಲ್ಬ್ ಆರಿಸಿ ತೀರುವ ವಿಷಯ ಅಲ್ಲ.

ಬೆಳಗಾವಿ ತಮ್ಮ: ಅಕ್ಕಾ, ಸುಮ್ನೆ ಇಲ್ಲಿ ಬರೆದು ಏನು ಮಾಡುವುದು? ಡಿಸಿ ಆಫೀಸಿಗೆ ಒಂದು ಅರ್ಜಿ ಬರೆ.

ನಾನು: ಇವತ್ತೇ ಬರೆಯುತ್ತೇನೆ. ಎರಡೇ ವಿಷಯ ಇಡೋಣ, ಜಾಸ್ತಿ ಹಾಕಿದರೆ ಯಾರೂ ಓದುವುದಿಲ್ಲ. ಗೇಟು ಎತ್ತುವ ಮೊದಲು ಪ್ರತಿ ಹೊಳೆಸಾಲಿನ ಊರಿಗೂ ಮುನ್ಸೂಚನೆ, ಮತ್ತು ಹೊಳೆ ಎಲ್ಲಿವರೆಗೆ ಅಂತ ಅಳೆದು ಕಲ್ಲು ನೆಡುವುದು.

ಮುಧೋಳ ಕಾಕಾ: ಕಲ್ಲು ನೆಟ್ಟರೆ ನಮ್ಮವರ ಹೊಲವೂ ಕೆಲವು ಹೋಗುತ್ತವೆ, ಗೊತ್ತಿದೆಯಾ?

ನಾನು: ಗೊತ್ತಿದೆ ಕಾಕಾ. ಹೋಗುವ ಹೊಲಕ್ಕೆ ಪರಿಹಾರ ಕೊಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯುತ್ತೇನೆ.

ಮುಧೋಳ ಕಾಕಾ: ಬರೆದು ಇಲ್ಲಿ ಹಾಕು, ಓದಿ ಸಹಿ ಮಾಡುತ್ತೇನೆ. ರವದಿ ಸುಡುವುದು ಮಾತ್ರ ನಮ್ಮದೇ ತಪ್ಪು, ಆ ಮಾತು ಬದಲಿಸುವುದಿಲ್ಲ.