ಸಹಾಯ ಬೇಕು: ಸುಂಡಿಲಿಗೆ ಪ್ಲಸ್ ಮೇಜ್ ಮಾಡಿಕೊಡುವವರು ಮೈಸೂರಿನಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂ.ಫಾರ್ಮ್ ಓದುತ್ತಿದ್ದೇನೆ. ಒಂದೆಲಗದ ಸಾರ ಕೊಟ್ಟರೆ ಸುಂಡಿಲಿಗಳ ನೆನಪು, ಆತಂಕ ಹೇಗೆ ಬದಲಾಗುತ್ತವೆ ಅಂತ ನೋಡುವುದು ನನ್ನ ಪ್ರಾಜೆಕ್ಟ್. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದೆ.

ಆತಂಕ ಅಳೆಯಲು ಎಲಿವೇಟೆಡ್ ಪ್ಲಸ್ ಮೇಜ್ (maze) ಬೇಕು. ನೆಲದಿಂದ ಎತ್ತರದಲ್ಲಿ ಪ್ಲಸ್ ಆಕಾರದ ಹಲಗೆ, ಎರಡು ತೋಳಿಗೆ ಗೋಡೆ, ಎರಡಕ್ಕೆ ಇಲ್ಲ. ಹೆದರಿದ ಇಲಿ ಗೋಡೆ ಮರೆಯಲ್ಲೇ ಕೂರುತ್ತದೆ. ಆತಂಕ ತಗ್ಗಿಸುವ ಔಷಧ ಡಯಾಜೆಪಾಮ್ ಕೊಟ್ಟದ್ದು ಬಯಲು ತೋಳಿನ ತುದಿಗೂ ಹೋಗಿ ಕೆಳಗೆ ಇಣುಕುತ್ತದೆ. ತೋಳು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಗೋಡೆ 15 ಸೆಂ.ಮೀ. ಪ್ಲೈವುಡ್ ಉಚ್ಚೆ ಹೀರುತ್ತದೆ, ಆ ವಾಸನೆಗೆ ಮುಂದಿನ ಇಲಿ ದಿಕ್ಕು ತಪ್ಪುತ್ತದೆ. ಅಕ್ರಿಲಿಕ್ ಹಾಕಿಸಿದರೆ ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ ಬಿರುಕು ಬಿಡುತ್ತದಲ್ವಾ? ಬಳಸಿದವರು ಹೇಳಿ. ಬೋರ್ಡ್ ಮಾಡುವ ಅಂಗಡಿಯವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಮಂಡ್ಯ ಆದರೂ ಪರವಾಗಿಲ್ಲ.

ಇಲಿಯ ಓಡಾಟ ಎಣಿಸುವ ಆಕ್ಟೋಫೋಟೋಮೀಟರ್ ಸಹ ಸ್ವಲ್ಪ ದಿನಕ್ಕೆ ಎರವಲು ಬೇಕು. ನೆನಪಿನ ಪರೀಕ್ಷೆಯಲ್ಲಿ ಹಿಂದೆ ಶಾಕ್ ತಿಂದ ಕಡೆಗೆ ಹೋಗದೆ ಕೂತ ಇಲಿಗೆ ನೆನಪಿದೆ ಅಂತ ಲೆಕ್ಕ; ಔಷಧದ ಮಂಪರಿಗೆ ಇಲಿ ಸುಮ್ನೆ ಕೂತರೆ ಅದನ್ನೇ ಒಳ್ಳೆ ನೆನಪು ಅಂತ ಬರೆದುಬಿಡುವ ಅಪಾಯ ಇದೆ.

ದಸರಾ ಕುಶಾಲತೋಪಿನ ತಾಲೀಮಿಗೆ ಮುಂಚೆ ಮುಗಿಸಬೇಕು. ಆ ಸದ್ದಿಗೆ ಮನುಷ್ಯರೇ ಬೆಚ್ಚುತ್ತಾರೆ! ಕಾಮೆಂಟ್‌ನಲ್ಲೇ ತಿಳಿಸಿ.