ಅವ್ವನ ಮೂಳೆ ಸವೆತಕ್ಕೂ ಮರೆವಿಗೂ ನಂಟಿದೆಯೇ?

ಕಾಫಿಕಣ (ಸೋಮವಾರಪೇಟೆ ತಾಲ್ಲೂಕು) ಕೇಳಿದ್ದು:

ಮಾದಾಪುರದ ಆಚೆ ನಾಲ್ಕು ಎಕರೆ ಕಾಫಿ ತೋಟ ಇಟ್ಟುಕೊಂಡು ಅವ್ವನ ಜೊತೆ ಇರುವವನು ನಾನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅವ್ವನಿಗೆ 76. ಹೋದ ವರ್ಷ ಜುಲೈನಲ್ಲಿ ಹನ್ನೊಂದು ದಿನ ಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ಹೊಳವಾಯಿತು. ಸೌದೆ ತರಲೆಂದು ಕಣ ದಾಟುವಾಗ ಪಾಚಿಯ ಮೇಲೆ ಕಾಲು ಜಾರಿತು. ಬಿದ್ದ ಸದ್ದು ಒಳಗಿದ್ದ ನನಗೆ ಕೇಳಿಸಲೂ ಇಲ್ಲ, ಅಷ್ಟು ಮೆತ್ತಗೆ ಬಿದ್ದಿದ್ದಾಳೆ. ಆದರೂ ಸೊಂಟದ ಹತ್ತಿರ ತೊಡೆ ಮೂಳೆ ಮುರಿದಿತ್ತು. ಮೈಸೂರಿಗೆ ಒಯ್ದೆವು. ರಸ್ತೆಯ ಪ್ರತಿ ಗುಂಡಿಗೂ ನನ್ನ ಹೆಬ್ಬೆರಳನ್ನು ಹಿಂಡುತ್ತಿದ್ದಳು, ಬಾಯಿ ಮಾತ್ರ ಬಿಡಲಿಲ್ಲ. ಮೂಳೆಯ ಚೆಂಡು ತೆಗೆದು ಲೋಹದ್ದು ಕೂರಿಸಿದರು. ಆಮೇಲೆ ಮಾಡಿಸಿದ, ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 3.4 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಎನ್ನುತ್ತಾರಂತೆ.

ಆಪರೇಷನ್ ಆದ ಮೂರನೆಯ ರಾತ್ರಿ ಎದ್ದು ಕುಳಿತು, 'ಕೆಂದನನ್ನು ಯಾಕೆ ಮಳೆಯಲ್ಲಿ ಬಿಟ್ಟಿದ್ದೀಯಾ, ಕೊಟ್ಟಿಗೆಗೆ ಕಟ್ಟು' ಎಂದು ನನಗೆ ಬೈದಳು. ಕೆಂದ ನಮ್ಮ ಎತ್ತು. ಅದು ಸತ್ತು ಇಪ್ಪತ್ತು ವರ್ಷವಾಗಿದೆ. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ನಂತರ ಹೀಗಾಗುವುದುಂಟು, ಇಳಿಯುತ್ತದೆ ಎಂದರು. ಬಹುಪಾಲು ಇಳಿಯಿತು ಕೂಡ. ಆದರೆ ಮೊದಲಿನ ಅವ್ವ ಪೂರ್ತಿ ಮರಳಿ ಬರಲಿಲ್ಲ. ಈ ಆಗಸ್ಟ್ 3ರಂದು, ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ, ಮದ್ದುಸೊಪ್ಪಿನ ಪಾಯಸಕ್ಕೆ ಕುಳಿತಳು. ಸೊಪ್ಪು ಬೇಯಿಸಿ ನೇರಳೆ ಬಣ್ಣದ ರಸ ತೆಗೆದಳು, ಬೆಲ್ಲ ಹಾಕಿದಳು, ಕಾಯಿ ಹಾಕಿದಳು. ಅಕ್ಕಿಯನ್ನೇ ಹಾಕಲಿಲ್ಲ. ಅರವತ್ತು ವರ್ಷದಿಂದ ಮಾಡುತ್ತಿರುವ ಅಡುಗೆ. ಬಡಿಸುವಾಗ ಸೌಟಿಗೆ ಬರೀ ನೀರು ಬಂದಿತು, ನಾವು ಮೂವರೂ ಮಾತಾಡದೆ ಕುಡಿದೆವು.

ಈಗ ಬೆಂಗಳೂರಿನಲ್ಲಿರುವ ತಮ್ಮ ಒಂದು ವಿಡಿಯೊ ಕಳಿಸಿದ್ದಾನೆ. ಮೂಳೆಯಿಂದ ಒಂದು ಹಾರ್ಮೋನು ಹೊರಟು ಮಿದುಳಿಗೆ ಹೋಗುತ್ತದಂತೆ, ಮೂಳೆ ಸವೆದರೆ ನೆನಪೂ ಸವೆಯುತ್ತದಂತೆ, ಅದಕ್ಕೊಂದು ಪುಡಿ ಇದೆಯಂತೆ. ತಿಂಗಳಿಗೆ ನಾಲ್ಕು ಸಾವಿರ. ಮೂಳೆಗೂ ಮಿದುಳಿಗೂ ನಿಜವಾಗಿ ಸಂಬಂಧವಿದೆಯೇ, ಇಲ್ಲ ಇದೂ ಮಾರುವವರ ಕಥೆಯೇ? ದುಡ್ಡಿನ ಮಾತಲ್ಲ (ಈ ವರ್ಷ ಕಾಳುಮೆಣಸು ಉದುರಿದ ಮೇಲೆ ದುಡ್ಡಿನ ಮಾತೂ ಹೌದು). ಗೊತ್ತಿಲ್ಲದ್ದನ್ನು ಅವಳ ಹೊಟ್ಟೆಗೆ ಹಾಕಲು ಮನಸ್ಸಿಲ್ಲ.

ಹಾರಂಗಿ ದಂಡೆ:

ಪುಡಿ ಗಿಡಿ ಬಿಡಿ ಸ್ವಾಮಿ. ರಾಗಿ ಮುದ್ದೆ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಾವು ಕೊಡಗಿನವರು ಮೂರು ಹೊತ್ತೂ ಅಕ್ಕಿ ರೊಟ್ಟಿ, ಕಡುಬು, ನೂಲ್‌ಪುಟ್ಟು ಎಂದು ಅಕ್ಕಿಯನ್ನೇ ತಿರುಗಿಸಿ ಮುರುಗಿಸಿ ತಿನ್ನುವವರು. ಜೊತೆಗೆ ಬಿಸಿಲು. ಅದು ಸಿಕ್ಕಿದಾಗ.

ವಿರಾಜಪೇಟೆಯವಳು:

ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಮೂಳೆ ಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ವೈದ್ಯೆಯಲ್ಲ. ನಿಮ್ಮ ತಮ್ಮ ಕಳಿಸಿದ ವಿಡಿಯೊ ಅರ್ಧ ನಿಜ ಹೇಳಿದೆ. ಅರ್ಧ ನಿಜವೇ ಮಾರಾಟಕ್ಕೆ ಅನುಕೂಲ.

ಆ ಹಾರ್ಮೋನಿನ ಹೆಸರು ಆಸ್ಟಿಯೊಕ್ಯಾಲ್ಸಿನ್. ಮೂಳೆ ಕಟ್ಟುವ ಕೋಶಗಳು ಅದನ್ನು ತಯಾರಿಸುತ್ತವೆ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ಅವರ ತಂಡ 2013ರಲ್ಲಿ ಆಸ್ಟಿಯೊಕ್ಯಾಲ್ಸಿನ್ ಇಲ್ಲದಂತೆ ಹುಟ್ಟಿಸಿದ ಇಲಿಗಳನ್ನು ಪರೀಕ್ಷಿಸಿತು. ಇಂಥ ಪರೀಕ್ಷೆ ನಡೆಯುವ ಬಗೆ ಹೀಗಿದೆ: ಒಂದು ದೊಡ್ಡ ತೊಟ್ಟಿಯಲ್ಲಿ ಹಾಲಿನಂತೆ ಬೆಳ್ಳಗೆ ಮಾಡಿದ ನೀರು. ಎಲ್ಲೋ ಒಂದು ಕಡೆ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಇಲಿ ನಿಲ್ಲುವಷ್ಟು ಚಿಕ್ಕ ಕಟ್ಟೆ. ಮೊದಲ ದಿನ ಎಲ್ಲ ಇಲಿಗಳೂ ಸುಮ್ಮನೆ ಸುತ್ತು ಹೊಡೆಯುತ್ತವೆ. ನಾಲ್ಕೈದು ದಿನದಲ್ಲಿ ಮಾಮೂಲಿ ಇಲಿ ಗೋಡೆಯ ಗುರುತು ನೋಡಿಕೊಂಡು ನೇರವಾಗಿ ಕಟ್ಟೆಗೆ ಈಜುತ್ತದೆ. ಆಸ್ಟಿಯೊಕ್ಯಾಲ್ಸಿನ್ ಇಲ್ಲದ ಇಲಿಗೆ ಆ ಜಾಗ ನೆನಪಿನಲ್ಲಿ ಉಳಿಯುವುದಿಲ್ಲ, ಗಾಬರಿಯೂ ಜಾಸ್ತಿ. 2017ರಲ್ಲಿ ಅದೇ ತಂಡ, ಮಿದುಳಿನಲ್ಲಿ ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನಲ್ಲಿ ಈ ಹಾರ್ಮೋನು ಹಿಡಿಯುವ ಕೊಂಡಿಯನ್ನೂ ತೋರಿಸಿತು. ಇಲ್ಲಿಯವರೆಗೆ ವಿಡಿಯೊ ಸರಿ.

ವಿಡಿಯೊ ಹೇಳದಿರುವುದು: ಇದೇ ಹಾರ್ಮೋನು ರಕ್ತದ ಸಕ್ಕರೆಯನ್ನೂ ಹತೋಟಿಯಲ್ಲಿಡುತ್ತದೆ ಎಂದು ಆ ತಂಡ 2007ರಲ್ಲಿ ಹೇಳಿತ್ತು. 2020ರಲ್ಲಿ ಬೇರೆ ಎರಡು ತಂಡಗಳು ತಮ್ಮದೇ ಇಲಿಗಳನ್ನು ತಯಾರಿಸಿ ನೋಡಿದಾಗ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಲಿಗಳ ಮಟ್ಟದಲ್ಲೇ ಜಗಳ ಮುಗಿದಿಲ್ಲ. ಮನುಷ್ಯರಿಗೆ ಕೊಟ್ಟು ನೆನಪು ಮರಳಿಸುವ ಪುಡಿ ಎಲ್ಲಿಂದ ಬಂತು? ಅದು ಪ್ರೊಟೀನು, ನುಂಗಿದರೆ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗುತ್ತದೆ.

ದಾರಿ ಆ ಕಡೆಯಿಂದಲೂ, ಮಿದುಳಿನಿಂದ ಮೂಳೆಗೂ, ಇದೆ. ಹಾಲೂಡಿಸುವ ತಾಯಂದಿರ ಮೂಳೆಯ ಕ್ಯಾಲ್ಸಿಯಂ ಹಾಲಿಗೆ ಹೋಗುತ್ತದೆ, ಆಗ ಮೂಳೆ ಕಾಯುವ ಹೆಣ್ಣು ಹಾರ್ಮೋನು ಈಸ್ಟ್ರೊಜೆನ್ನೂ ಕಡಿಮೆ ಇರುತ್ತದೆ. ಲೆಕ್ಕದ ಪ್ರಕಾರ ಮೂಳೆ ಪುಡಿಯಾಗಬೇಕು, ಆಗುವುದಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಕಾರಣ ಕಂಡರು: ಹಾಲೂಡಿಸುವ ಹೆಣ್ಣಿಲಿಯ ಮಿದುಳಿನಿಂದ ಸಿಸಿಎನ್3 ಎಂಬ ಹಾರ್ಮೋನು ಹೊರಟು ಮೂಳೆ ಕಟ್ಟಿಸುತ್ತದೆ. ಇದೂ ಸದ್ಯಕ್ಕೆ ಇಲಿಗಳದ್ದೇ.

ಮನುಷ್ಯರ ಬಗ್ಗೆ ಹೇಳುವುದಾದರೆ, ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 3,651 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೂಳೆ ತೆಳ್ಳಗಿದ್ದವರಲ್ಲಿ ಮುಂದೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಹೆಚ್ಚು ಕಂಡಿತು. ಆದರೆ ಮೂಳೆ ಸವೆದು ಮರೆವು ಬಂತೋ, ಮರೆವು ಒಳಗೊಳಗೇ ಶುರುವಾಗಿ ಓಡಾಟ, ಊಟ ಕಡಿಮೆಯಾಗಿ ಮೂಳೆ ಸವೆಯಿತೋ ಎಂದು ಅಂಥ ಅಧ್ಯಯನ ಹೇಳಲಾರದು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇಂಥದ್ದೇ ದೀರ್ಘ ಅಧ್ಯಯನ ನಡೆಸುತ್ತಿದ್ದಾರೆ. ಅಕ್ಕಿ, ರಾಗಿ ತಿನ್ನುವವರ ಉತ್ತರ ಅಲ್ಲಿಂದ ಬರಬೇಕು, ಡಚ್ಚರಿಂದಲ್ಲ.

ಒಂದು ಪ್ರಶ್ನೆ. ಅಮ್ಮನವರಿಗೆ ಮುಟ್ಟು ನಿಂತದ್ದು ಯಾವ ವಯಸ್ಸಿಗೆ?

ಹಳೆಯ ಸಿಸ್ಟರ್, ಕುಶಾಲನಗರ:

ಮೂವತ್ತೊಂದು ವರ್ಷ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳು. ಇಲಿಗಳ ವಿಷಯ ನನಗೆ ಬೇಡ. ಮನೆಗೆ ಕಳಿಸುವಾಗ ಯಾವ ಮಾತ್ರೆ ಬರೆದುಕೊಟ್ಟರು, ಅದನ್ನು ಹೇಗೆ ಕೊಡುತ್ತಿದ್ದೀರಿ? 'ಕೊಡುತ್ತಿದ್ದೇನೆ' ಎಂದರೆ ಸಾಲದು. ಎಷ್ಟು ಗಂಟೆಗೆ, ಯಾವುದರ ಜೊತೆ, ಆಮೇಲೆ ಏನು ಮಾಡುತ್ತಾರೆ, ಎಲ್ಲವನ್ನೂ ಬರೆಯಿರಿ.

ಕಾಫಿಕಣ:

ಸಿಸ್ಟರ್, ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಾತ್ರೆ. ಮರೆಯಬಾರದೆಂದು ಸೋಮವಾರ, ಸಂತೆಯ ದಿನ, ಎಂದು ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಆರಕ್ಕೆ ಬೆಲ್ಲದ ಕಾಫಿ ಕೊಡುವಾಗ ಮಾತ್ರೆಯನ್ನೂ ಕೊಡುತ್ತೇನೆ, ಕಾಫಿಯ ಜೊತೆ ನುಂಗುತ್ತಾಳೆ. ಕ್ಯಾಲ್ಸಿಯಂ ಮಾತ್ರೆಯೂ ಆಗಲೇ. ಮಳೆಗಾಲದ ಚಳಿ ನೋಡಿ, ಮತ್ತೆ ಕಂಬಳಿ ಹೊದ್ದು ಮಲಗುತ್ತಾಳೆ. ಎದೆಯುರಿ ಎನ್ನುತ್ತಾಳೆ, ಅದಕ್ಕೆ ಮೆಡಿಕಲ್‌ನವರು ಕೊಟ್ಟ ಗ್ಯಾಸ್ ಮಾತ್ರೆ ದಿನಾ ಬೆಳಿಗ್ಗೆ ಒಂದು, ಎಂಟು ತಿಂಗಳಿಂದ. ವಿಟಮಿನ್ ಡಿ ಪುಡಿ ವಾರಕ್ಕೊಂದು ಎಂದಿದ್ದರು, ಅದು ಮುಗಿದಂತೆಲ್ಲ ತರುತ್ತಿದ್ದೇನೆ.

ಹಳೆಯ ಸಿಸ್ಟರ್, ಕುಶಾಲನಗರ:

ತಮ್ಮಾ, ಬೈಯುತ್ತಿಲ್ಲ. ಇದನ್ನು ಬಿಡಿಸಿ ಹೇಳದೆ ಚೀಟಿ ಬರೆದು ಕಳಿಸಿದವರಿಗೆ ಬೈಯಬೇಕು.

ಆ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿದರೂ ಮೈಗೆ ಹತ್ತುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಫಿಯ ಜೊತೆ ನುಂಗಿದರೆ ಆ ಚಿಟಿಕೆಯಲ್ಲೂ ಶೇಕಡಾ 60ರಷ್ಟು ಹೋಯಿತು. ಮೇಲೆ ಕ್ಯಾಲ್ಸಿಯಂ ಬೇರೆ. ಅದು ಮಾತ್ರೆಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಒಂದು ವರ್ಷ ಅಮ್ಮ ನುಂಗಿದ್ದು ಹೆಚ್ಚು ಕಡಿಮೆ ಕಣದ ಚರಂಡಿಗೆ ಹೋಗಿದೆ ಎಂದುಕೊಳ್ಳಿ.

ಇನ್ನು ಮೇಲೆ ಎದ್ದ ಕೂಡಲೇ ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ಮಾತ್ರೆ ನುಂಗಿಸಿ. ಆಮೇಲೆ ಅರ್ಧ ಗಂಟೆ ಕಾಫಿಯಿಲ್ಲ, ತಿಂಡಿಯಿಲ್ಲ, ಮಲಗುವಂತೆಯೂ ಇಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತಿರಬೇಕು, ಇಲ್ಲದಿದ್ದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಎದೆಯುರಿ ಅಲ್ಲಿಂದಲೇ ಬಂದಿರಬೇಕು. ಉರಿ ಹಾಗೇ ಇದ್ದರೆ ಮುಂದಿನ ಸೋಮವಾರಕ್ಕೆ ಕಾಯದೆ ವೈದ್ಯರಿಗೆ ತೋರಿಸಿ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧಿಯೂ ಇದೆ.

ಗ್ಯಾಸ್ ಮಾತ್ರೆ ನನಗೆ ಹೆಚ್ಚು ಚಿಂತೆ. ಅದನ್ನು ದೀರ್ಘಕಾಲ ತಿಂದರೆ ವಿಟಮಿನ್ ಬಿ12 ಇಳಿಯುತ್ತದೆ, ಮೂಳೆ ಮುರಿಯುವ ಸಾಧ್ಯತೆಯೂ ಹೆಚ್ಚು. ಬಿ12 ಇಳಿದರೆ ಮರೆವು ಬರುತ್ತದೆ, ನಡಿಗೆ ತೂರಾಡುತ್ತದೆ. ಅಮ್ಮ ಮಾಂಸ ತಿನ್ನುತ್ತಾರೆಯೇ? ಡಿ ಪುಡಿ ಕೂಡ 60,000 ಯೂನಿಟ್‌ನದ್ದು, ವರ್ಷಪೂರ್ತಿ ಕೇಳದೆ ಕೊಡುವಂಥದ್ದಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಅದೇ ಮಂಕು ಕವಿಸುತ್ತದೆ. ಬಿ12, ಥೈರಾಯ್ಡ್, ಕ್ಯಾಲ್ಸಿಯಂ, ವಿಟಮಿನ್ ಡಿ, ಈ ನಾಲ್ಕನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಈ ವಾರವೇ ಮಾಡಿಸಿ. ಪುಡಿಯ ನಾಲ್ಕು ಸಾವಿರದಲ್ಲಿ ಅದು ಮುಗಿದು ಬಸ್ ಚಾರ್ಜೂ ಉಳಿಯುತ್ತದೆ.

ಕಾಫಿಕಣ:

ಮೂರು ವಾರವಾಯಿತು, ಉತ್ತರ ಕೊಡಲು ತಡವಾಯಿತು.

ವಿರಾಜಪೇಟೆಯ ತಂಗಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರ. ಮಗನಾಗಿ ಅವ್ವನನ್ನು ಅದನ್ನು ಹೇಗೆ ಕೇಳಲಿ? ಅಕ್ಕನಿಗೆ ಫೋನ್ ಮಾಡಿದೆ. ಅವ್ವನಿಗೆ 39 ಆಗಿದ್ದಾಗ ಗರ್ಭಕೋಶ ತೆಗೆಸಿದ್ದರಂತೆ. ನನಗೆ ಆಗ ಹದಿನೈದು. 'ಅವ್ವ ಹೊಟ್ಟೆನೋವಿಗೆ ಮೈಸೂರಿಗೆ ಹೋಗಿದ್ದಾಳೆ' ಎಂದಷ್ಟೇ ನನಗೆ ಗೊತ್ತಿದ್ದದ್ದು. ಅಂಡಾಶಯವನ್ನೂ ತೆಗೆದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಕಾಗದಪತ್ರಗಳನ್ನು ಗೆದ್ದಲು ತಿಂದಿದೆ.

ರಕ್ತ ಪರೀಕ್ಷೆ ಮಾಡಿಸಿದೆ. ನಮ್ಮದು ಸಸ್ಯಾಹಾರಿ ಮನೆ. ಬಿ12 ಬಂದದ್ದು 138, ಇರಬೇಕಾದದ್ದು 200ಕ್ಕಿಂತ ಮೇಲೆ. ಕ್ಯಾಲ್ಸಿಯಂ ಸರಿಯಿದೆ. ಡಿ ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ, ಪುಡಿ ನಿಲ್ಲಿಸಿದರು. ಗ್ಯಾಸ್ ಮಾತ್ರೆಯನ್ನು ಮೆಲ್ಲಗೆ ಬಿಡಿಸುತ್ತಿದ್ದಾರೆ. ಬಿ12 ಇಂಜೆಕ್ಷನ್ ಆರಂಭವಾಗಿದೆ. ನೆನಪು ಎಷ್ಟು ಮರಳುತ್ತದೆ ಎಂದು ಕೇಳಿದ್ದಕ್ಕೆ ವೈದ್ಯರು ಆರು ತಿಂಗಳು ಬಿಟ್ಟು ಬನ್ನಿ ಎಂದರು. ತಮ್ಮನಿಗೆ ಪುಡಿ ಬೇಡವೆಂದು ಹೇಳಿದ್ದೇನೆ, ಮುನಿಸಿಕೊಂಡಿದ್ದಾನೆ.

ವಿರಾಜಪೇಟೆಯವಳು:

ಕೇಳಿ ತಿಳಿಸಿದ್ದಕ್ಕೆ ಧನ್ಯವಾದ. ಕುತೂಹಲಕ್ಕೆ ಕೇಳಿದ್ದಲ್ಲ. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಬೇಗ ನಿಂತರೆ ಮೂಳೆ ಕರಗಿಸುವ ಕೋಶಗಳಿಗೆ ಕಡಿವಾಣ ತಪ್ಪುತ್ತದೆ. ಅಂಡಾಶಯವನ್ನು ಚಿಕ್ಕ ವಯಸ್ಸಿಗೇ ತೆಗೆಸಿಕೊಂಡ ಹೆಂಗಸರಲ್ಲಿ ಮುಂದೆ ಮರೆವಿನ ತೊಂದರೆಯೂ ಹೆಚ್ಚು ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನವರು 2007ರಲ್ಲಿ ವರದಿ ಮಾಡಿದ್ದಾರೆ. ಮೂಳೆಗೂ ಮಿದುಳಿಗೂ ನಂಟು ಹುಡುಕುವವರು ಎರಡಕ್ಕೂ ಸೇರಿದ ಈ ಮೂರನೆಯದನ್ನು ಎಷ್ಟೋ ಬಾರಿ ಮರೆಯುತ್ತಾರೆ. ನಿಮ್ಮ ಅಕ್ಕನಿಗೆ ಐವತ್ತು ದಾಟಿದ್ದರೆ ಅವರ ಮೂಳೆಯನ್ನೂ ಒಮ್ಮೆ ನೋಡಿಸಿ.

ಕಾಫಿಕಣ:

ಅಕ್ಕನಿಗೆ ಹೇಳಿದ್ದೇನೆ. ಕಾಫಿ ಕೊಯ್ಲು ಮುಗಿಯಲಿ ಎಂದಳು. ಅವಳ ಕೊಯ್ಲು ಮುಗಿಯುವುದು ಮಾರ್ಚಿಗೆ.

ನಿನ್ನೆ ಸೋಮವಾರ. ಆರಕ್ಕೆ ನೀರು, ಮಾತ್ರೆ, ಜಗಲಿಯ ಕುರ್ಚಿ. ಅರ್ಧ ಗಂಟೆಯಲ್ಲಿ 'ಕಾಫಿ ಎಲ್ಲಿ' ಎಂದು ಏಳು ಸಲ ಕೇಳಿದಳು. ಏಳನೆಯ ಸಲ ಕೇಳುವಾಗ ಆರನೆಯದು ನೆನಪಿಲ್ಲ. ಕಾಫಿ ಮಾತ್ರ ನೆನಪಿದೆ. ಕೊಟ್ಟ ಮೇಲೆ ಒಂದು ಗುಟುಕು ಕುಡಿದು, 'ಬೆಲ್ಲ ಹೊಸದು, ಹಳೆಯದು ಚೆನ್ನಾಗಿತ್ತು' ಎಂದಳು. ಹೌದು, ಶನಿವಾರಸಂತೆಯಿಂದ ಹೊಸದಾಗಿ ತಂದದ್ದು.

ಹಾರಂಗಿ ದಂಡೆಯವರೇ, ಮುದ್ದೆ ಮಾಡಿ ಕೊಟ್ಟೆ. 'ಇದು ನಿಮ್ಮ ಅಪ್ಪನ ಊರಿನದು' ಎಂದು ತಟ್ಟೆ ಸರಿಸಿದಳು. ಈಗ ರಾಗಿಯನ್ನು ಅಕ್ಕಿ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟುತ್ತಿದ್ದೇನೆ, ಇನ್ನೂ ಸಿಕ್ಕಿಬಿದ್ದಿಲ್ಲ.

ಕಣಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಲ್ಲಿ ಉಜ್ಜಿಸಿದೆ. ನಾಲ್ಕು ದಿನದ ಮಳೆಗೆ ಮತ್ತೆ ಹಸಿರಾಗಿದೆ. ಸದ್ಯಕ್ಕೆ ಅಡುಗೆಮನೆಯಿಂದ ಸೌದೆ ಕೊಟ್ಟಿಗೆಯವರೆಗೆ ಹಳೆಯ ಗೋಣಿಚೀಲ ಹಾಸಿ ಎರಡೂ ಬದಿ ಬಿದಿರು ಕಟ್ಟಿದ್ದೇನೆ. ಪಾಚಿಗೆ ಬೇರೆ ಉಪಾಯ ಗೊತ್ತಿದ್ದವರು ಬರೆಯಿರಿ.