ಪದಚರ್ಚೆ: ಯೆಹೂದಿಗಳ ‘ಗಿಯೂರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಮಾಸಪತ್ರಿಕೆಯೊಂದರ ವಿಶೇಷಾಂಕಕ್ಕಾಗಿ ಇಂದಿನ ಯೆಹೂದಿ ಸಮಾಜವನ್ನು ಕುರಿತ ದೀರ್ಘ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಶುಕ್ರವಾರ ಸಂಜೆ ಪುಟಗಳು ಅಚ್ಚಿಗೆ ಹೋಗಬೇಕು, ಎರಡು ಪದಗಳು ಮಾತ್ರ ಇತ್ಯರ್ಥವಾಗದೆ ಉಳಿದಿವೆ. ಹುಟ್ಟಿನಿಂದ ಯೆಹೂದಿಯಲ್ಲದ ಒಬ್ಬರು ಯೆಹೂದಿಯಾಗುವ ಕ್ರಮವನ್ನು ಹೀಬ್ರೂವಿನಲ್ಲಿ ‘ಗಿಯೂರ್’ ಎನ್ನುತ್ತಾರೆ. ಹಾಗೆ ಆದವನು ‘ಗೇರ್’, ಆದವಳು ‘ಗಿಯೋರೆತ್’.

ನಿಘಂಟುಗಳೆಲ್ಲ ‘ಮತಾಂತರ’ ಎಂದು ಕೊಟ್ಟು ಕೈತೊಳೆದುಕೊಂಡಿವೆ. ಆದರೆ ಲೇಖನದ ವಾದವೇ ಬೇರೆ. ಯೆಹೂದಿ ತಾಯಿಗೆ ಹುಟ್ಟಿದವನು ದೇವರನ್ನು ನಂಬದಿದ್ದರೂ ಯೆಹೂದಿಯೇ, ಆದ್ದರಿಂದ ಹೊರಗಿನಿಂದ ಬರುವವರು ಸೇರುವುದು ಬರಿಯ ಒಂದು ಮತಕ್ಕಲ್ಲ, ಒಂದು ಜನಕ್ಕೆ ಎಂದು ಅದು ಹೇಳುತ್ತದೆ. ಮೂವರು ಕೂತ ‘ಬೇತ್ ದಿನ್’ ಎಂಬ ಧರ್ಮಪೀಠದ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ‘ಮಿಕ್ವೆ’ ಎಂಬ ಕೊಳದಲ್ಲಿ ತಲೆಗೂದಲೂ ತೇಲದಂತೆ ಪೂರ್ತಿ ಮುಳುಗೆದ್ದು ಬಂದ ಹೆಂಗಸಿಗೆ ‘ಅಬ್ರಹಾಮ ಮತ್ತು ಸಾರಳ ಮಗಳು’ ಎಂದು ತಂದೆತಾಯಿಯರ ಹೆಸರನ್ನೇ ಹೊಸದಾಗಿ ಕೊಡುತ್ತಾರೆ. ಮದುವೆಯ ಕರಾರುಪತ್ರದಲ್ಲೂ ಅದೇ ಹೆಸರು ಬರುತ್ತದೆ. ಲೇಖನದಲ್ಲಿ ಬರುವ ಅಂಥ ಹೆಂಗಸೊಬ್ಬಳು ಮುಂದೊಂದು ಕಡೆ ‘ನಾನು ಯೆಹೂದಿ, ಅದಕ್ಕೆ ಮುಂದೆ ಇನ್ನೊಂದು ವಿಶೇಷಣ ಹಚ್ಚಬೇಡಿ’ ಎನ್ನುತ್ತಾಳೆ. ಅದರ ಹಿಂದಿನ ಸಾಲಿನಲ್ಲೇ ನಾನು ‘ಮತಾಂತರಗೊಂಡ ಯೆಹೂದಿ’ ಎಂದು ಬರೆದರೆ ಅವಳ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಕ್ರಮಕ್ಕೊಂದು, ವ್ಯಕ್ತಿಗೊಂದು ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

ಮೈಸೂರಿನಿಂದ

ಇರುವ ಪದವನ್ನು ಬಿಟ್ಟು ಇಲ್ಲದ ಪದವನ್ನು ಹುಡುಕುವ ಅಗತ್ಯ ನನಗೆ ಕಾಣಲಿಲ್ಲ. ‘ಮತಾಂತರ’ಕ್ಕೆ ಶಾಸ್ತ್ರಗ್ರಂಥಗಳಲ್ಲಿ ‘ಬೇರೊಂದು ಅಭಿಪ್ರಾಯ’ ಎಂಬ ಅರ್ಥವಿದ್ದು, ‘ಒಂದು ಮತದಿಂದ ಇನ್ನೊಂದಕ್ಕೆ ಹೋಗುವುದು’ ಎಂಬ ಅರ್ಥ ಆಮೇಲೆ ಬೆಳೆದದ್ದು ನಿಜ, ಆದರೆ ಬೆಳೆದ ಅರ್ಥವೂ ಅರ್ಥವೇ. ಅದು ಒಗ್ಗದಿದ್ದರೆ ‘ಧರ್ಮಾಂತರ’ ಎನ್ನಿ. ಆ ಹೆಂಗಸಿನ ಭಾವನೆ ಆಕೆಯದು, ಅನುವಾದಕರು ನಿಘಂಟಿಗೆ ನಿಷ್ಠರಾಗಿರಬೇಕು.

ಶಿವಮೊಗ್ಗದಿಂದ

ಮತಾಂತರ, ಧರ್ಮಾಂತರ ಎಂದು ಸಂಸ್ಕೃತದ ಉಗ್ರಾಣದಿಂದಲೇ ಎಲ್ಲವನ್ನೂ ತೆಗೆಯುವ ಚಟ ಈ ಬಳಗಕ್ಕೆ ಯಾವಾಗ ಬಿಡುತ್ತದೆಯೋ ತಿಳಿಯದು. ‘ಒಳಸೇರಿಕೆ’ ಎಂದರೆ ಮುಗಿಯಿತು, ಹಾಗೆ ಬಂದವರು ‘ಒಳಸೇರಿದವರು’. ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಇನ್ನೊಂದು ಮಾತನ್ನು ಬಲ್ಲವರು ಪರಿಶೀಲಿಸಬೇಕೆಂದು ಕೋರುತ್ತೇನೆ. ಹೀಬ್ರೂವಿನ ‘ಗೇರ್’ ಎಂದರೆ ನಡುವೆ ಬಂದು ನೆಲೆಸಿದವನು, ನಮ್ಮ ‘ಕೇರಿ’ ಎಂದರೆ ಜನ ನೆಲೆಸಿದ ಜಾಗ. ಕಕಾರ ಗಕಾರವಾಗುವುದು ನಮಗೆ ಹೊಸತಲ್ಲ. ಪಡುವಣ ಕರಾವಳಿಗೂ ಅರಬರ ನಾಡಿಗೂ ಹಡಗುಗಳು ಓಡಾಡುತ್ತಿದ್ದ ಕಾಲದಲ್ಲಿ ಪದವೊಂದು ಇಲ್ಲಿಂದ ಅಲ್ಲಿಗೆ ಹೋಗಿರಬಾರದೇಕೆ? ಹಾಗಿದ್ದರೆ ನಮ್ಮ ಪದವನ್ನೇ ಎರವಲೆಂದು ನಾವು ಹಿಂದಕ್ಕೆ ತರುತ್ತಿದ್ದೇವೆ.

ಮಂಗಳೂರಿನಿಂದ

ಕೇರಿಯ ವಿಷಯವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ‘ಗೇರ್’ ಬಂದಿರುವುದು ತಂಗು, ನೆಲೆಸು ಎಂಬ ಅರ್ಥದ ಸೆಮಿಟಿಕ್ ಧಾತುವಿನಿಂದ. ನೆರೆಯವನೆಂಬ ಅರ್ಥದ ಅರಬ್ಬಿಯ ‘ಜಾರ್’ ಅದರ ದಾಯಾದಿ. ದನಿ ಹೋಲಿದ ಮಾತ್ರಕ್ಕೆ ನಂಟು ಹೇಳುವುದಾದರೆ ಯಾವ ಪದವನ್ನು ಯಾವುದಕ್ಕೆ ಬೇಕಾದರೂ ಗಂಟುಹಾಕಬಹುದು.

ಅಷ್ಟಾದರೂ ಶಿವಮೊಗ್ಗದವರು ಅರ್ಥವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಹೀಬ್ರೂ ಬೈಬಲಿನಲ್ಲಿ ‘ಗೇರ್’ ಎಂದರೆ ತನ್ನ ಊರು ಬಿಟ್ಟು ಬಂದು ಬೇರೆ ಜನರ ನಡುವೆ ಬದುಕುವವನು. ‘ಈಜಿಪ್ಟಿನಲ್ಲಿ ನೀವೂ ಗೇರ್ ಆಗಿದ್ದಿರಿ, ಆದ್ದರಿಂದ ಗೇರನನ್ನು ಪ್ರೀತಿಸಿ’ ಎಂಬ ಆಜ್ಞೆ ಅಲ್ಲಿ ಬರುತ್ತದೆ. ಈಜಿಪ್ಟಿನಲ್ಲಿ ಇಸ್ರೇಲರು ಮತ ಬದಲಿಸಿರಲಿಲ್ಲವಾದ್ದರಿಂದ ಆ ಸಾಲಿಗೆ ‘ಮತಾಂತರಿ’ ಎಂದು ಹಾಕುವಂತೆಯೇ ಇಲ್ಲ. ಮುಂದೆ ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಕಾಲದಲ್ಲಿ ಅರ್ಥ ಕವಲೊಡೆದು, ಬರಿದೇ ನಡುವೆ ವಾಸಿಸುವವನು ‘ಗೇರ್ ತೋಶಾವ್’ ಎಂದೂ, ನಿಯಮಗಳನ್ನೆಲ್ಲ ಒಪ್ಪಿ ಒಳಗೆ ಬಂದವನು ‘ಗೇರ್ ತ್ಸೆದೆಕ್’ ಎಂದೂ ಆಯಿತು.

ಒಳಗೆ ಬರಲು ಬಯಸುವವನನ್ನು ಏನು ಕೇಳಬೇಕೆಂಬುದು ಯೆಹೂದಿಗಳ ಧರ್ಮಶಾಸ್ತ್ರ ಸಂಗ್ರಹವಾದ ತಾಲ್ಮುದಿನ ‘ಯೆವಾಮೋತ್’ ಭಾಗದಲ್ಲಿದೆ. ಮೊದಲ ಪ್ರಶ್ನೆ ಅವನ ನಂಬಿಕೆಯ ಬಗ್ಗೆ ಅಲ್ಲ. ‘ಏಕೆ ಬಂದೆ? ಈ ಕಾಲದಲ್ಲಿ ಇಸ್ರೇಲರು ನೊಂದು ತುಳಿತಕ್ಕೆ ಸಿಕ್ಕಿದ್ದಾರೆಂಬುದು ನಿನಗೆ ತಿಳಿಯದೇ?’ ಎಂದು ಕೇಳುತ್ತಾರೆ. ‘ತಿಳಿದಿದೆ, ಅದಕ್ಕೂ ನಾನು ಅರ್ಹನಲ್ಲ’ ಎಂದರೆ ಆ ಕ್ಷಣವೇ ಅವನನ್ನು ಒಪ್ಪಿಕೊಂಡು, ಹಗುರವಾದ ಕೆಲವು, ಭಾರವಾದ ಕೆಲವು ವಿಧಿಗಳನ್ನು ತಿಳಿಸಲು ತೊಡಗುತ್ತಾರೆ. ಒಂದು ಜನದ ಕಷ್ಟಕ್ಕೆ ಹೆಗಲು ಕೊಡುವೆಯಾ ಎಂದು ಮೊದಲು ಕೇಳಿ, ವಿಧಿನಿಯಮಗಳನ್ನು ಆಮೇಲೆ ಹೇಳುವ ಈ ಕ್ರಮ ‘ಮತಾಂತರ’ ಎಂಬ ಪದದೊಳಗೆ ಹಿಡಿಸುವುದಿಲ್ಲ. ಮೈಸೂರಿನ ಹಿರಿಯರು ಇದನ್ನು ಭಾವನೆಯ ಮಾತೆಂದು ತಳ್ಳಿಹಾಕಬಾರದೆಂದು ವಿನಂತಿ.

ಪದದ ಮೇಲೆ ನಿಜವಾದ ಜನರ ಬದುಕು ನಿಂತಿರುವುದರಿಂದಲೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಪೋಲೆಂಡಿನಲ್ಲಿ ಯೆಹೂದಿಯಾಗಿ ಹುಟ್ಟಿ ಕ್ಯಾಥೊಲಿಕ್ ಸನ್ಯಾಸಿಯಾದ ಬ್ರದರ್ ಡ್ಯಾನಿಯಲ್, ಯೆಹೂದಿಗಳಿಗೆ ಇಸ್ರೇಲಿಗೆ ಬಂದು ಪೌರರಾಗುವ ಹಕ್ಕು ಕೊಡುವ 1950ರ ‘ಮರಳುವಿಕೆಯ ಕಾನೂನಿ’ನಡಿ ತನ್ನನ್ನು ಯೆಹೂದಿ ಎಂದು ಗುರುತಿಸಬೇಕೆಂದು ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋದರು. ಯೆಹೂದಿ ಧರ್ಮಶಾಸ್ತ್ರದ ಲೆಕ್ಕದಲ್ಲಿ ಅವರು ಯೆಹೂದಿಯೇ ಆಗಿದ್ದರೂ, ಜನರ ಆಡುಮಾತಿನಲ್ಲಿ ಕ್ರೈಸ್ತನಾದವನನ್ನು ಯಾರೂ ಯೆಹೂದಿ ಎನ್ನುವುದಿಲ್ಲವೆಂದು 1962ರಲ್ಲಿ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. 1970ರ ತಿದ್ದುಪಡಿಯಲ್ಲಿ ‘ಯೆಹೂದಿ ತಾಯಿಗೆ ಹುಟ್ಟಿದ ಅಥವಾ ಗಿಯೂರ್ ಆದ, ಬೇರೆ ಧರ್ಮಕ್ಕೆ ಸೇರದ ವ್ಯಕ್ತಿ’ ಎಂಬ ವ್ಯಾಖ್ಯೆ ಬಂತು. ಆದರೆ ಯಾವ ಪಂಥದ ರಬ್ಬಿ ಮಾಡಿಸಿದ ಗಿಯೂರ್ ಎಂಬುದನ್ನು ಕಾನೂನು ಹೇಳಲಿಲ್ಲ. ಇಸ್ರೇಲಿನೊಳಗೇ, ಸಾಂಪ್ರದಾಯಿಕವಲ್ಲದ ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಪಂಥದವರಲ್ಲಿ ಗಿಯೂರ್ ಆದವರಿಗೂ ಆ ಕಾನೂನಿನ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಮಾರ್ಚಿನಲ್ಲಿ. ಅಂಥವರು ಪೌರರಾಗಬಹುದು, ಆದರೆ ಯೆಹೂದಿಗಳ ಮದುವೆ ಸಾಂಪ್ರದಾಯಿಕ ರಬ್ಬಿಗಳ ಹಿಡಿತದಲ್ಲೇ ಇರುವುದರಿಂದ ಅದೇ ದೇಶದಲ್ಲಿ ಯೆಹೂದಿಯಾಗಿ ಮದುವೆಯಾಗಲಾರರು. ಸರ್ಕಾರಕ್ಕೆ ಯೆಹೂದಿ, ರಬ್ಬಿಗೆ ಅಲ್ಲ.

ಭಾರತದಿಂದ ಹೋದವರಿಗೂ ಈ ನೋವು ತಟ್ಟಿದೆ. ಕೊಂಕಣ ಮತ್ತು ಮುಂಬಯಿಯ ಬೆನೆ ಇಸ್ರೇಲರು ತಲೆಮಾರುಗಳಿಂದ ಶನಿವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಪಾಲಿಸಿಕೊಂಡು ಬಂದವರು. ಇಸ್ರೇಲಿಗೆ ಹೋದ ಮೇಲೆ ಮದುವೆಯ ಸಮಯದಲ್ಲಿ ಅವರ ಅಜ್ಜಿ ಮುತ್ತಜ್ಜಿಯರ ವಂಶವನ್ನು ಕೆದಕುವ ಆದೇಶ ಹೊರಟಿತು. ಅವರು ಬೀದಿಗಿಳಿದು ಹೋರಾಡಿದ ಮೇಲೆ, 1964ರಲ್ಲಿ, ಅವರು ಎಲ್ಲ ವಿಧದಲ್ಲೂ ಯೆಹೂದಿಗಳೆಂಬ ಘೋಷಣೆ ಬಂತು. ಮಣಿಪುರ, ಮಿಜೋರಾಂಗಳ ಬ್ನೇ ಮೆನಾಶೆಯವರದು ಇನ್ನೊಂದು ಬಗೆ. ಅವರು ಇಸ್ರೇಲಿನ ಕಳೆದುಹೋದ ಕುಲದವರೆಂದು 2005ರಲ್ಲಿ ಮುಖ್ಯ ರಬ್ಬಿ ಶ್ಲೋಮೊ ಅಮಾರ್ ಒಪ್ಪಿದರು, ಆದರೂ ಗಿಯೂರ್ ಆಗಲೇಬೇಕೆಂದರು. ಅದೇ ವರ್ಷ ರಬ್ಬಿಗಳು ಇಲ್ಲಿಗೆ ಬಂದು ಗಿಯೂರ್ ನಡೆಸಿದಾಗ, ಇದು ಮತಾಂತರವೆಂದು ಭಾರತ ಸರ್ಕಾರ ಆಕ್ಷೇಪಿಸಿದ್ದರಿಂದ ಅದು ಇಲ್ಲಿ ನಿಂತುಹೋಯಿತು. ತಮ್ಮ ಹಿರಿಯರ ಮನೆಗೆ ಮರಳುತ್ತಿದ್ದೇವೆ ಎಂದುಕೊಂಡವರಿಗೆ ಅದು ಮತಾಂತರವಾಗಿರಲಿಲ್ಲ. ‘ಮತಾಂತರ ನಿಷೇಧ ಕಾಯ್ದೆ’ಯ ಸುದ್ದಿಯನ್ನು 2022ರಿಂದ ಓದುತ್ತ ಬಂದಿರುವ ನಮ್ಮ ಓದುಗರಿಗೂ ಆ ಪದ ಕೇಳಿದೊಡನೆ ಆಮಿಷ, ಬಲವಂತಗಳೇ ನೆನಪಾಗುತ್ತವೆ.

ನಮ್ಮ ಊರಿನದೇ ಒಂದು ದಾಖಲೆಯನ್ನೂ ಹೇಳಬೇಕು. ಟುನೀಸಿಯಾ ಕಡೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಆಶು ಎಂಬ ದಾಸಿಯನ್ನು 1132ರಲ್ಲಿ ಇಲ್ಲಿಯೇ ಪತ್ರ ಬರೆದು ಬಿಡುಗಡೆ ಮಾಡಿದ. ಯೆಹೂದಿ ಧರ್ಮಶಾಸ್ತ್ರದಲ್ಲಿ, ಕ್ರಮಬದ್ಧವಾಗಿ ಬಿಡುಗಡೆಯಾದ ದಾಸಿ ಇಸ್ರೇಲರ ಸಮುದಾಯಕ್ಕೆ ಪೂರ್ಣವಾಗಿ ಸೇರುತ್ತಾಳೆ. ಒಳಸೇರುವ ಬಾಗಿಲು ಅಲ್ಲಿ ಬಿಡುಗಡೆಯ ಪತ್ರವೇ ಆಗಿತ್ತು. ಇದನ್ನೂ ಮತಾಂತರವೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ನನ್ನ ಸಲಹೆ ‘ಕುಲಸೇರ್ಪಡೆ’.

ಮೈಸೂರಿನಿಂದ

‘ಕುಲಸೇರ್ಪಡೆ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ಕೊಟ್ಟ ವಿನಾಯಿತಿ ಪತ್ರಿಕೆಯ ಲೇಖನಗಳಿಗೆ ಅನ್ವಯಿಸದು. ಕಟ್ಟಲೇಬೇಕೆಂದಿದ್ದರೆ ‘ಕುಲಪ್ರವೇಶ’ ಎಂದು ಕಟ್ಟಿ. ಹೀಬ್ರೂ ಪದವನ್ನೇ ಇಟ್ಟುಕೊಳ್ಳುವುದಂತೂ ಅನುವಾದಕರ ಸೋಮಾರಿತನ. ಹೀಗೆ ಬಂದದ್ದನ್ನೆಲ್ಲ ಬರಮಾಡಿಕೊಂಡರೆ ನಾಳೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಶಿವಮೊಗ್ಗದಿಂದ

ಮಳೆಗಾಲ, ದಿನಗೂಲಿ ಎಂದು ದಿನವೂ ಆಡುವ ನಾಡಿನಲ್ಲಿ ಅರಿಸಮಾಸದ ಬೆದರಿಕೆ ಯಾರಿಗೆ? ಸಂಸ್ಕೃತದಿಂದ ಬಂದರೆ ಸಂಪತ್ತು, ಹೀಬ್ರೂವಿನಿಂದ ಬಂದರೆ ಸೋಮಾರಿತನ ಎಂಬುದು ನ್ಯಾಯವಲ್ಲ. ಎರವಲು ಎರಡೂ ಎರವಲೇ. ಕೇರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಧಾರವಾಡದಿಂದ

ಸಮಾಸದ ಜಗಳ ಬೇರೆ ದಿನಕ್ಕಿರಲಿ. ‘ಕುಲ’ ಎಂಬ ಪದವೇ ನನಗೆ ಸರಿ ಕಾಣುವುದಿಲ್ಲ. ಕನ್ನಡದ ಕಿವಿಗೆ ಕುಲವೆಂದರೆ ಮೊದಲು ಕೇಳುವುದು ಜಾತಿ, ಅದೂ ಹುಟ್ಟಿನಿಂದಲ್ಲದೆ ಬೇರೆ ದಾರಿಯಿಂದ ಬಾರದ್ದು. ಹುಟ್ಟಿಲ್ಲದೆಯೂ ಒಳಗೆ ಬರಬಹುದೆಂಬ ಕ್ರಮವನ್ನು, ಬರಲಾಗದ್ದನ್ನು ಹೇಳುವ ಪದದಿಂದ ಕರೆದರೆ ಓದುಗರು ದಾರಿ ತಪ್ಪುತ್ತಾರೆ.

ವ್ಯಕ್ತಿಗೆ ಯಾವ ಪದ ಎಂಬ ಪ್ರಶ್ನೆಗೆ ನಮ್ಮ ಶರಣ ಪರಂಪರೆಯಲ್ಲಿ ಒಂದು ಹಿಡಿಕೆ ಸಿಗುತ್ತದೆ. ಭವಿಯಾಗಿದ್ದವನು ಭಕ್ತನಾದ ಮೇಲೆ ಅವನ ‘ಪೂರ್ವಾಶ್ರಯ’ವನ್ನು ಎತ್ತಬಾರದು, ಹಿಂದಿನ ಜಾತಿಯನ್ನು ಕೇಳಬಾರದು ಎಂದು ಶರಣರು ಕಟ್ಟುನಿಟ್ಟಾಗಿ ಹೇಳಿದ್ದಾರೆ. (ಸನ್ಯಾಸಿಗಳ ‘ಪೂರ್ವಾಶ್ರಮ’ ಬೇರೆ, ದಯವಿಟ್ಟು ಬೆರೆಸಬೇಡಿ.) ಯೆಹೂದಿಗಳ ಹಳೆಯ ವಿಧಿಸಂಗ್ರಹವಾದ ಮಿಶ್ನಾದಲ್ಲೂ ಮಾತಿನಿಂದ ನೋಯಿಸಬಾರದೆಂಬ ನಿಯಮದಡಿ ಇಂಥದೇ ಮಾತಿದೆ: ಗೇರನ ಮಕ್ಕಳಿಗೆ ‘ನಿನ್ನ ಹಿರಿಯರು ಏನು ಮಾಡುತ್ತಿದ್ದರು ನೆನಪಿಸಿಕೊ’ ಎನ್ನಬಾರದು. ‘ಗಿಯೂರ್ ಆದವನು ಆಗ ಹುಟ್ಟಿದ ಕೂಸಿನಂತೆ’ ಎಂದು ತಾಲ್ಮುದ್ ಹೇಳುತ್ತದೆ. ನೋಯಿಸಬಾರದೆಂಬ ನಿಯಮವಿರುವಲ್ಲಿ ನಾವು ಪುಟಪುಟಕ್ಕೂ ‘ಮತಾಂತರಗೊಂಡ’ ಎಂಬ ವಿಶೇಷಣವನ್ನು ಹಚ್ಚಿದರೆ, ಅನುವಾದದ ಹೆಸರಿನಲ್ಲಿ ಆ ನಿಯಮವನ್ನೇ ಮುರಿದಂತಾಗುತ್ತದೆ. ಆದ್ದರಿಂದ ವ್ಯಕ್ತಿಗೆ ಬೇರೆ ನಾಮಪದ ಬೇಡವೇ ಬೇಡ, ‘ಯೆಹೂದಿ’ ಎಂದರೆ ಸಾಕು.

ನಿಯಮವಿದ್ದರೂ ಗುರುತು ಅಳಿಯುವುದು ಸುಲಭವಲ್ಲವೆಂಬುದಕ್ಕೆ ಬೈಬಲಿನ ರೂತಳೇ ಸಾಕ್ಷಿ. ‘ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು’ ಎಂದು ಅತ್ತೆಯ ಹಿಂದೆ ಬಂದವಳು ಅವಳು. ಅವಳ ಬಾಯಲ್ಲೂ ಮೊದಲು ಬಂದದ್ದು ಜನ, ಆಮೇಲೆ ದೇವರು. ಅಷ್ಟಾದರೂ ಬೆತ್ಲೆಹೇಮಿಗೆ ಬಂದ ಮೇಲೂ ಆ ಪುಸ್ತಕ ಅವಳನ್ನು ‘ಮೋವಾಬ್ಯಳಾದ ರೂತಳು’, ಅಂದರೆ ಮೋವಾಬ್ ಎಂಬ ಹೊರನಾಡಿನವಳು, ಎಂದೇ ಮತ್ತೆ ಮತ್ತೆ ಕರೆಯುತ್ತದೆ.

ಮಂಗಳೂರಿನಿಂದ

ಧಾರವಾಡದವರ ಮಾತನ್ನು ಒಪ್ಪಿ ‘ಕುಲಸೇರ್ಪಡೆ’ಯನ್ನು ಕೈಬಿಡುತ್ತೇನೆ. ಆದರೆ ವ್ಯಕ್ತಿಗೆ ಪದವೇ ಬೇಡವೆಂದರೆ ಒಂದೆರಡು ಕಡೆ ತೊಡಕಾಗುತ್ತದೆ. ಗಿಯೋರೆತ್ ಆದವಳು ಪುರೋಹಿತ ವಂಶದ ‘ಕೊಹೆನ್’ನನ್ನು ಮದುವೆಯಾಗುವಂತಿಲ್ಲ ಎಂಬಂಥ ವಿಧಿಗಳನ್ನು ಬರೆಯುವಾಗ ಭೇದವನ್ನು ಹೇಳಲೇಬೇಕು. ಅಂಥಲ್ಲಿ ಮಾತ್ರ ‘ಗಿಯೂರ್ ಆದವರು’ ಎನ್ನಬಹುದು. ‘ಗಿಯೂರ್ ಪಡೆದವರು’ ಎನ್ನುವುದು ಬೇಡ, ಅದು ಪ್ರಮಾಣಪತ್ರದ ಮಾತಿನಂತಿದೆ.

ಬೆಂಗಳೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಬರುವಲ್ಲಿ ‘ಯೆಹೂದಿ ಜನಕ್ಕೆ ಒಳಸೇರುವ ಗಿಯೂರ್ ಎಂಬ ಕ್ರಮ’ ಎಂದು ಬಿಡಿಸಿ ಬರೆದು, ಮುಂದೆ ‘ಗಿಯೂರ್’ ಎಂದಷ್ಟೇ ಉಳಿಸಿಕೊಳ್ಳುತ್ತೇನೆ. ವ್ಯಕ್ತಿಗಳನ್ನು ‘ಯೆಹೂದಿ’ ಎಂದೇ ಕರೆಯುತ್ತೇನೆ, ಮದುವೆ ಮತ್ತು ಪೌರತ್ವದ ಕಾನೂನು ಬರುವ ಪುಟಗಳಲ್ಲಿ ಮಾತ್ರ ‘ಗಿಯೂರ್ ಆದವರು’ ಎಂದು ಬರುತ್ತದೆ. ‘ಮತಾಂತರ’ ಎರಡು ಕಡೆ ಉಳಿಯುತ್ತದೆ: ಬ್ರದರ್ ಡ್ಯಾನಿಯಲ್ ಕ್ರೈಸ್ತನಾದುದನ್ನು ಹೇಳುವಲ್ಲಿ ಮತ್ತು ಭಾರತ ಸರ್ಕಾರದ ಆಕ್ಷೇಪವನ್ನು ಹೇಳುವಲ್ಲಿ. ಅಲ್ಲಿ ಅದು ಸಲ್ಲುವ ಪದ. ಮೈಸೂರಿನ ಹಿರಿಯರಿಗೆ ಇದು ರುಚಿಸಲಾರದೆಂದು ಬಲ್ಲೆ, ಆದರೆ ನಿಘಂಟಿಗಿಂತ ಮೊದಲು ಆ ಹೆಂಗಸಿನ ಮಾತಿಗೆ ನಾನು ಬದ್ಧಳು. ಇನ್ನು ‘ಬೇತ್ ದಿನ್’ ಎಂದು ಬಿಡಿಸಿ ಬರೆಯಬೇಕೋ ‘ಬೇತ್‌ದಿನ್’ ಎಂದು ಕೂಡಿಸಿಯೋ ಎಂಬುದನ್ನು ಯಾರಾದರೂ ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.